ಪೋಕ್ಸೊ ಪ್ರಕರಣದಲ್ಲಿ ಮಗುವಿನ ಜೊತೆ ನಿಲ್ಲುವುದು ಹೇಗೆ: ಮೊದಲ ಮಾತಿನಿಂದ ತೀರ್ಪಿನವರೆಗೆ

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದ ಗಳಿಗೆಯಿಂದ ಎಲ್ಲರೂ ಕೇಳುವುದು ಒಂದೇ ಮಾತು: "ಏನಾಯಿತು ಹೇಳು." ಅಮ್ಮ ಕೇಳುತ್ತಾಳೆ, ಅಪ್ಪ ಕೇಳುತ್ತಾನೆ, ಶಾಲೆಯ ಮೇಡಂ ಕೇಳುತ್ತಾರೆ. ಆಮೇಲೆ ಠಾಣೆ, ಆಸ್ಪತ್ರೆ, ಮ್ಯಾಜಿಸ್ಟ್ರೇಟ್, ಕೊನೆಗೆ ವಿಶೇಷ ನ್ಯಾಯಾಲಯ. ಪ್ರತಿ ಸಲ ಹೇಳುವಾಗಲೂ ಮಗು ಮತ್ತೆ ನೋಯುತ್ತದೆ. ಹತ್ತು ಸಲ ಹೇಳಿದ್ದರಲ್ಲಿ ಸಣ್ಣಪುಟ್ಟ ವ್ಯತ್ಯಾಸ ಬಂದೇ ಬರುತ್ತದೆ, ಪಾಟೀಸವಾಲಿನಲ್ಲಿ ಆರೋಪಿಯ ವಕೀಲರು ಹಿಡಿಯುವುದು ಅದನ್ನೇ. ಹಾಗಾಗಿ ಮಗುವಿನ ಜೊತೆ ನಿಂತವರ ಮುಖ್ಯ ಕೆಲಸ ಇಷ್ಟು: ಮಗು ಘಟನೆಯನ್ನು ಆದಷ್ಟು ಕಡಿಮೆ ಸಲ, ತನ್ನದೇ ಮಾತಿನಲ್ಲಿ, ಹೆದರಿಕೆ ಇಲ್ಲದ ಜಾಗದಲ್ಲಿ ಹೇಳುವಂತೆ ನೋಡಿಕೊಳ್ಳುವುದು.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಮತ್ತು ಅದರ 2020ರ ನಿಯಮಗಳಲ್ಲಿ ಇದಕ್ಕೆ ಬೇಕಾದ ರಕ್ಷಣೆ ಬಹುಪಾಲು ಇದೆ. ಹುಡುಗಿ ಹುಡುಗ ಎಂಬ ಭೇದವಿಲ್ಲದೆ, 18 ವರ್ಷ ತುಂಬದ ಎಲ್ಲರಿಗೂ ಅದು ಅನ್ವಯಿಸುತ್ತದೆ. ಆದರೆ ಈ ರಕ್ಷಣೆಗಳು ತಾವಾಗಿ ಬಂದು ಮಗುವಿಗೆ ಸಿಗುವುದು ಅಪರೂಪ. ಸರಿಯಾದ ಹೊತ್ತಿಗೆ, ಹೆಸರು ಹಿಡಿದು, ಸಾಧ್ಯವಾದಷ್ಟೂ ಬರವಣಿಗೆಯಲ್ಲಿ ಕೇಳಬೇಕು.

ಮೊದಲ ಕೆಲವು ಗಂಟೆ

ಮಗು ಹೇಳಲು ಶುರುಮಾಡಿದರೆ ಸುಮ್ಮನೆ ಕೇಳಿ. "ಆಮೇಲೆ?" ಎನ್ನುವುದಕ್ಕಿಂತ ಹೆಚ್ಚು ಪ್ರಶ್ನೆ ಬೇಡ. "ಅವನು ಹೀಗೆ ಮಾಡಿದನಾ?" ಎಂದು ಉತ್ತರವನ್ನೇ ಬಾಯಿಗೆ ಇಟ್ಟರೆ, ಮಗುವಿಗೆ ಹೇಳಿಕೊಟ್ಟು ಹೇಳಿಸಿದ್ದಾರೆ ಎಂಬ ವಾದಕ್ಕೆ ಅಲ್ಲೇ ದಾರಿಯಾಗುತ್ತದೆ. "ಆಗಲೇ ಯಾಕೆ ಹೇಳಲಿಲ್ಲ?" ಎಂದು ಮಾತ್ರ ಕೇಳಲೇಬೇಡಿ. ಮಗು ಎದ್ದು ಹೋದ ಮೇಲೆ, ಅದು ಬಳಸಿದ ಪದಗಳನ್ನೇ ಇಟ್ಟುಕೊಂಡು, ತಾರೀಖು ಮತ್ತು ಸಮಯ ಹಾಕಿ ಒಂದು ಹಾಳೆಯಲ್ಲಿ ಬರೆದಿಡಿ. ಮಗು ಹೇಳುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಬೇಡಿ. ಆ ವಿಡಿಯೊ ಒಬ್ಬ ಸಂಬಂಧಿಕರ ಕೈಗೆ ಹೋದರೂ ಮತ್ತೆ ಹಿಡಿತಕ್ಕೆ ಸಿಗುವುದಿಲ್ಲ.

ಘಟನೆ ಇತ್ತೀಚಿನದಾದರೆ ಮಗುವಿಗೆ ಸ್ನಾನ ಮಾಡಿಸುವ ಮೊದಲು ಆಸ್ಪತ್ರೆಗೆ ಹೋಗಿ. ಹಾಕಿಕೊಂಡಿದ್ದ ಬಟ್ಟೆ, ಒಳ ಉಡುಪು, ಹಾಸಿಗೆಯ ಚಾದರ ಯಾವುದನ್ನೂ ತೊಳೆಯಬೇಡಿ. ಒದ್ದೆ ಇದ್ದರೆ ನೆರಳಿನಲ್ಲಿ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಕಟ್ಟಿ ಬೂಸ್ಟು ಹಿಡಿಯುತ್ತದೆ, ಡಿಎನ್‌ಎ ಹಾಳಾಗುತ್ತದೆ. ಸ್ನಾನ ಆಗಿಹೋಗಿದ್ದರೆ ಅಥವಾ ಬಟ್ಟೆ ಒಗೆದಾಗಿದ್ದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಆದದ್ದನ್ನು ವೈದ್ಯರಿಗೆ ಹೇಳಿ, ಅವರು ಹಾಗೆಯೇ ದಾಖಲಿಸಲಿ. ಮೊಬೈಲಿನಲ್ಲಿ ಮೆಸೇಜು, ಫೋಟೊ ಇದ್ದರೆ ಅಳಿಸಬೇಡಿ, ಯಾರಿಗೂ ಕಳಿಸಲೂ ಬೇಡಿ. ಮಕ್ಕಳ ಅಶ್ಲೀಲ ಚಿತ್ರವನ್ನು ಸಾಕ್ಷ್ಯ ಎಂದು ಹಂಚಿದರೂ ಅದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧವೇ. ಫೋನನ್ನೇ ಪೊಲೀಸರಿಗೆ ಕೊಟ್ಟು ಜಪ್ತಿಯ ಸ್ವೀಕೃತಿ ತೆಗೆದುಕೊಳ್ಳಿ.

ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 1098 ಮಕ್ಕಳ ಸಹಾಯವಾಣಿ, ತುರ್ತಿಗೆ 112.

ಠಾಣೆಯಲ್ಲಿ

ಯಾವ ಠಾಣೆಗಾದರೂ ಹೋಗಬಹುದು. "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದು ವಾಪಸು ಕಳಿಸುವ ಹಾಗಿಲ್ಲ. ಸಿಆರ್‌ಪಿಸಿ ಬದಲಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ದೂರು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಬೇಕು. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ, ನಗರದಲ್ಲಾದರೆ ಕಮಿಷನರ್ ಕಚೇರಿಗೆ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಪೋಕ್ಸೊ ದೂರನ್ನು ದಾಖಲಿಸದಿರುವುದು ಪೋಕ್ಸೊ ಕಾಯ್ದೆಯ 21ನೇ ಕಲಮಿನಡಿ ಅಪರಾಧ ಎಂದು ಸೌಮ್ಯವಾಗಿಯೇ ನೆನಪಿಸಿ. ಬಹಳ ಕಡೆ ಅಷ್ಟರಲ್ಲೇ ಕೆಲಸ ಆಗುತ್ತದೆ.

ದೂರನ್ನು ಮಗುವೇ ಕೊಡಬೇಕಾಗಿಲ್ಲ, ವಿಷಯ ಗೊತ್ತಿರುವ ಯಾರೂ ಕೊಡಬಹುದು. ಗೊತ್ತಿದ್ದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆ ಇದೆ. ಶಾಲೆ, ಹಾಸ್ಟೆಲಿನಂಥ ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ದೂರಿನಲ್ಲಿ ದೊಡ್ಡವರು ತಮಗೆ ಗೊತ್ತಿದ್ದಷ್ಟನ್ನು ಮಾತ್ರ ಬರೆಯಬೇಕು. ಕೋಪದಲ್ಲಿ ಊಹೆ ಸೇರಿಸಿ ಬರೆದ ಒಂದು ಸಾಲು, ಮುಂದೆ ಮಗುವಿನ ಹೇಳಿಕೆಗೆ ಹೊಂದದೆ ಇಡೀ ಪ್ರಕರಣಕ್ಕೆ ತೊಡಕಾಗುತ್ತದೆ. ತಾರೀಖು ಸರಿಯಾಗಿ ನೆನಪಿಲ್ಲವೆಂದರೆ "ದಸರಾ ರಜೆ ಮುಗಿದ ಮೇಲಿನ ವಾರ" ಎಂದೇ ಬರೆಸಿ, ಸುಮ್ಮನೆ ಒಂದು ತಾರೀಖು ಹಾಕಿಸಬೇಡಿ.

ಮಗುವಿನ ಹೇಳಿಕೆಯ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 24 ಮತ್ತು 26ನೇ ಕಲಮುಗಳು ಸ್ಪಷ್ಟವಾಗಿವೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಆದಷ್ಟು ಮಟ್ಟಿಗೆ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ಅಪ್ಪ ಅಮ್ಮ ಅಥವಾ ಮಗು ನಂಬುವ ಬೇರೆ ಯಾರಾದರೂ ಜೊತೆಗಿರಬೇಕು. ರಾತ್ರಿ ಮಗುವನ್ನು ಯಾವ ಕಾರಣಕ್ಕೂ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಆರೋಪಿ ಮಗುವಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವ ಹೊಣೆ ತನಿಖಾಧಿಕಾರಿಯದು. ಇದು ಹೆಚ್ಚಾಗಿ ತಪ್ಪುವುದು, ಪೊಲೀಸರು ಘಟನೆಯ ಜಾಗ ನೋಡಿ ಬರೆದುಕೊಳ್ಳುವ ಸ್ಥಳ ಮಹಜರಿನ ದಿನ: ಜೀಪಿನಲ್ಲಿ ಕರೆದುಕೊಂಡು ಹೋಗುತ್ತಾರೆ, ಬೀದಿಯೆಲ್ಲ ಸೇರುತ್ತದೆ. ಜಾಗವನ್ನು ದೊಡ್ಡವರು ತೋರಿಸಲು ಸಾಧ್ಯವೇ ಎಂದು ಮೊದಲು ಕೇಳಿ. ಮಗುವೇ ಬರಬೇಕಾದರೆ ಜನ ಕಡಿಮೆ ಇರುವ ಹೊತ್ತಿನಲ್ಲಿ, ಪೊಲೀಸ್ ವಾಹನವಲ್ಲದ ಗಾಡಿಯಲ್ಲಿ ಹೋಗಲು ಕೋರಿ.

ಮನೆಯಲ್ಲಿ ತುಳುವೋ ಬ್ಯಾರಿಯೋ ಲಂಬಾಣಿಯೋ ಉರ್ದುವೋ ಆಡುವ ಮಗುವಿಗೆ ಭಾಷಾಂತರಕಾರರನ್ನು, ಕಿವಿ ಕೇಳದ, ಮಾತು ಬಾರದ ಅಥವಾ ಬುದ್ಧಿಮಾಂದ್ಯ ಇರುವ ಮಗುವಿಗೆ ವಿಶೇಷ ಶಿಕ್ಷಕರನ್ನು ಕೇಳುವ ಹಕ್ಕಿದೆ. ಕನ್ನಡದ ಮಗುವಿನ ವಿಷಯದಲ್ಲೂ ಎಚ್ಚರ ಬೇಕು. ಮಗು ಕಲಬುರಗಿಯ ಮಾತಿನಲ್ಲಿ ಹೇಳಿದ್ದನ್ನು ಬರೆಯುವವರು ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿಬಿಡುತ್ತಾರೆ. ದೇಹದ ಭಾಗಕ್ಕೆ ಮನೆಯಲ್ಲಿ ಬಳಸುವ ಹೆಸರು ಹೋಗಿ ವೈದ್ಯಕೀಯ ಪದ ಬಂದು ಕೂರುತ್ತದೆ. ಏಳು ವರ್ಷದ ಮಗು ಆ ಪದ ಆಡಿತೆಂದು ಯಾರು ನಂಬುತ್ತಾರೆ? ಹೇಳಿಕೆಯನ್ನು ಓದಿ ಹೇಳಿಸಿ, ಮಗುವಿನ ಮಾತೇ ಉಳಿದಿದೆಯೇ ನೋಡಿ, ಇಲ್ಲದಿದ್ದರೆ ಅಲ್ಲೇ ತಿದ್ದಿಸಿ.

ಆಸ್ಪತ್ರೆಯಲ್ಲಿ

ಎಫ್‌ಐಆರ್ ಆಗದಿದ್ದರೂ ವೈದ್ಯಕೀಯ ಪರೀಕ್ಷೆ ಮಾಡಬಹುದು. ತುರ್ತು ಚಿಕಿತ್ಸೆಗೆ ಪೊಲೀಸರ ಪತ್ರ ಕೇಳುವಂತಿಲ್ಲ. ಸರ್ಕಾರಿ ಆಸ್ಪತ್ರೆಯಿರಲಿ ಖಾಸಗಿ ಆಸ್ಪತ್ರೆಯಿರಲಿ, ಪ್ರಥಮ ಚಿಕಿತ್ಸೆ ಮತ್ತು ಉಪಚಾರ ಉಚಿತವಾಗಿ ಕೊಡಲೇಬೇಕು. ಹೆಣ್ಣುಮಗುವನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ಮಗು ನಂಬುವವರೊಬ್ಬರು ಪಕ್ಕದಲ್ಲಿರಬೇಕು, ಅಂಥವರು ಯಾರೂ ಇಲ್ಲದಿದ್ದರೆ ಆಸ್ಪತ್ರೆಯ ಮುಖ್ಯಸ್ಥರು ಒಬ್ಬ ಮಹಿಳೆಯನ್ನು ನೇಮಿಸಬೇಕು. 12 ವರ್ಷದೊಳಗಿನ ಮಗುವಿಗೆ ಪೋಷಕರ ಒಪ್ಪಿಗೆ, ಅದಕ್ಕಿಂತ ದೊಡ್ಡವರಿಗೆ ಅವರದೇ ಒಪ್ಪಿಗೆ ಬೇಕು. ಮಗು ಪರೀಕ್ಷೆಯ ಒಂದು ಭಾಗ ಬೇಡ ಎನ್ನಬಹುದು. ಹಾಗೆಂದ ಮಾತ್ರಕ್ಕೆ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಯೋನಿಯೊಳಗೆ ಬೆರಳಿಟ್ಟು ನೋಡುವ "ಎರಡು ಬೆರಳಿನ ಪರೀಕ್ಷೆ" ನಿಷಿದ್ಧ. ಅದನ್ನು ಮಾಡುವವರು ದುರ್ವರ್ತನೆ ಎಸಗಿದಂತೆ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರಿನಲ್ಲಿ ಹೇಳಿದೆ.

ಗಡಿಯಾರ ನೋಡಬೇಕಾದ ವಿಷಯಗಳಿವೆ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಋತುಮತಿಯಾದ ಹುಡುಗಿಗೆ ಗರ್ಭ ತಡೆಯುವ ತುರ್ತು ಮಾತ್ರೆಯೂ ಹಾಗೆಯೇ. ಸ್ವ್ಯಾಬ್ ಮಾದರಿಗಳನ್ನು ಸಾಮಾನ್ಯವಾಗಿ 96 ಗಂಟೆಯೊಳಗೆ ತೆಗೆಯುತ್ತಾರೆ. ಆ ಅವಧಿ ದಾಟಿದ್ದರೂ ಪರೀಕ್ಷೆಗೆ ಹೋಗಿ. ಗಾಯ, ಸೋಂಕು, ನಡವಳಿಕೆಯಲ್ಲಿ ಬಂದ ಬದಲಾವಣೆ ಇವೂ ದಾಖಲಾಗಬೇಕು. ಗಾಯವಿಲ್ಲ ಎಂದರೆ ದೌರ್ಜನ್ಯ ಆಗಿಲ್ಲ ಎಂದಲ್ಲ. ಗರ್ಭ ನಿಂತಿರುವುದು ತಿಳಿದರೆ ಒಂದು ದಿನವನ್ನೂ ಕಳೆಯಬೇಡಿ. ಅಪ್ರಾಪ್ತ ವಯಸ್ಕರಿಗೆ 24 ವಾರದವರೆಗೆ, ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ, ಗರ್ಭಪಾತಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಅದರಾಚೆಗೆ ವೈದ್ಯಕೀಯ ಮಂಡಳಿ, ಹೈಕೋರ್ಟ್ ಎಂದು ದಾರಿ ಕಠಿಣವಾಗುತ್ತದೆ. ಗರ್ಭಪಾತವಾದರೆ ಭ್ರೂಣದ ಅಂಶವನ್ನು ಡಿಎನ್‌ಎ ಪರೀಕ್ಷೆಗೆ ಸಂರಕ್ಷಿಸುವಂತೆ ವೈದ್ಯರಿಗೂ ಪೊಲೀಸರಿಗೂ ಮೊದಲೇ ತಿಳಿಸಿರಬೇಕು.

ಮಕ್ಕಳ ಕಲ್ಯಾಣ ಸಮಿತಿ ಮತ್ತು ಬೆಂಬಲ ವ್ಯಕ್ತಿ

ಪೊಲೀಸರು 24 ಗಂಟೆಯೊಳಗೆ ವಿಷಯವನ್ನು, ಆಸರೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ಇಲ್ಲೊಂದು ತಪ್ಪು ತಿಳಿವಳಿಕೆ ಬೇರೂರಿದೆ: ಪ್ರತಿ ಮಗುವನ್ನೂ ಸಮಿತಿಯ ಮುಂದೆ ಕರೆದುಕೊಂಡು ಹೋಗಲೇಬೇಕು ಎಂದು. ಅದು ಹಾಗಲ್ಲ. ಆರೋಪಿ ಅದೇ ಮನೆಯಲ್ಲಿದ್ದರೆ, ಮಗುವಿಗೆ ಮನೆಯೋ ಪೋಷಕರ ಆಸರೆಯೋ ಇಲ್ಲದಿದ್ದರೆ, ಅಥವಾ ಪೋಷಕರಿಲ್ಲದೆ ಸಂಸ್ಥೆಯಲ್ಲಿ ಬೆಳೆಯುತ್ತಿದ್ದರೆ ಮಾತ್ರ ಹಾಜರುಪಡಿಸಬೇಕು. ಆಗ ಸಮಿತಿ ಮೂರು ದಿನದೊಳಗೆ ಮಗುವನ್ನು ಆ ಮನೆಯಿಂದ ಬಿಡಿಸಬೇಕೇ ಎಂದು ತೀರ್ಮಾನಿಸುತ್ತದೆ. ಕ್ಷೇಮವಾಗಿ ಅಪ್ಪ ಅಮ್ಮನ ಮಡಿಲಲ್ಲಿರುವ ಮಗುವನ್ನು ಬಾಲಮಂದಿರಕ್ಕೆ ಕಳಿಸುವ ಅಗತ್ಯವಿಲ್ಲ. ಹಾಗೆ ಹೇಳಿದರೆ ಕಾರಣವನ್ನು ಬರೆದು ಕೊಡಲು ಕೇಳಿ.

ಸಮಿತಿಯಿಂದ ನೀವು ಕೇಳಬೇಕಾದದ್ದು ಬೆಂಬಲ ವ್ಯಕ್ತಿಯನ್ನು. ತನಿಖೆಯಿಂದ ವಿಚಾರಣೆ ಮುಗಿಯುವವರೆಗೆ ಮಗುವಿನ ಜೊತೆಗಿರುವ, ಮುಂದಿನ ಹೆಜ್ಜೆ ಏನೆಂದು ವಿವರಿಸುವ, ನ್ಯಾಯಾಲಯಕ್ಕೆ ಜೊತೆಗೆ ಬರುವ, ಸಮಿತಿಗೆ ತಿಂಗಳು ತಿಂಗಳೂ ವರದಿ ಕೊಡುವ ವ್ಯಕ್ತಿ ಇವರು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರಿರಬಹುದು, ಮಕ್ಕಳ ಹಕ್ಕಿನ ಸಂಸ್ಥೆಯವರಿರಬಹುದು. ಮಗುವಿಗೆ ಇವರು ಹೊಂದದಿದ್ದರೆ ಬದಲಾಯಿಸಲು ಕೇಳಬಹುದು. ನಮ್ಮ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯಲ್ಲಿ ಮಗುವಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಈ ಒಂದು ನೇಮಕ. ಅತಿ ಹೆಚ್ಚು ಮರೆತುಹೋಗುವುದೂ ಇದೇ. ಎಫ್‌ಐಆರ್ ಆದ ವಾರದೊಳಗೆ ನೇಮಕದ ಆದೇಶ ಕೈಗೆ ಬರದಿದ್ದರೆ ಸಮಿತಿಗೆ ಅರ್ಜಿ ಬರೆಯಿರಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.

ಅದೇ ಅರ್ಜಿಯಲ್ಲಿ ಊಟ, ಬಟ್ಟೆ, ಓಡಾಟದ ಖರ್ಚಿಗೆ ವಿಶೇಷ ಪರಿಹಾರವನ್ನೂ ಕೇಳಬಹುದು. ಕೂಲಿ ಬಿಟ್ಟು ಠಾಣೆ, ಆಸ್ಪತ್ರೆ ಅಲೆಯುವ ಕುಟುಂಬಕ್ಕೆ ಇದು ಬೇಕೇ ಬೇಕು. ಸಮಿತಿ ಶಿಫಾರಸು ಮಾಡಿದ ಮೇಲೆ ಒಂದು ವಾರದಲ್ಲಿ ಹಣ ಕೈಸೇರಬೇಕು ಎಂದು 2020ರ ಪೋಕ್ಸೊ ನಿಯಮಗಳಲ್ಲಿ 8ನೆಯದು ಹೇಳುತ್ತದೆ.

ಮ್ಯಾಜಿಸ್ಟ್ರೇಟ್ ಮುಂದಿನ ಹೇಳಿಕೆ

ತುಮಕೂರು ಜಿಲ್ಲೆಯ ನೊಣವಿನಕೆರೆ ಠಾಣೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಕೊಟ್ಟ ನಿರ್ದೇಶನ ದೇಶಕ್ಕೆಲ್ಲ ಅನ್ವಯಿಸಿತು: ಅತ್ಯಾಚಾರದ ಮಾಹಿತಿ ಬಂದ ಕೂಡಲೇ ಸಂತ್ರಸ್ತೆಯನ್ನು, ಸಾಧ್ಯವಾದಷ್ಟೂ ಮಹಿಳಾ ಮ್ಯಾಜಿಸ್ಟ್ರೇಟರ ಬಳಿಗೆ ಕರೆದೊಯ್ಯಬೇಕು, 24 ಗಂಟೆ ಮೀರಿದರೆ ತಡವಾದ ಕಾರಣವನ್ನು ಬರೆದಿಡಬೇಕು. ಈಗ ಈ ಹೇಳಿಕೆ ಆಗುವುದು ಸುರಕ್ಷಾ ಸಂಹಿತೆಯ 183ನೇ ಕಲಮಿನಡಿ. ಮಗು ಹೇಳಿದಂತೆಯೇ ಬರೆಯಬೇಕು, ಆರೋಪಿಯ ವಕೀಲರು ಅಲ್ಲಿರುವಂತಿಲ್ಲ.

ಹೋಗುವ ಹಿಂದಿನ ರಾತ್ರಿ ಮನೆಯಲ್ಲಿ ತಾಲೀಮು ನಡೆಸಬೇಡಿ. "ಒಬ್ಬರು ಮೇಡಂ ಇರುತ್ತಾರೆ, ಅವರು ಕೇಳುತ್ತಾರೆ, ನೆನಪಿದ್ದಷ್ಟು ಹೇಳು, ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನು" ಎಂದರೆ ಸಾಕು. ಮಗು ಉಪವಾಸ ಇರಬಾರದು, ನಿದ್ದೆಗೆಟ್ಟಿರಬಾರದು. ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ಮಹಜರು, ಸಂಜೆ ಮ್ಯಾಜಿಸ್ಟ್ರೇಟ್ ಎಂದು ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ, ಸಂಜೆಯ ಹೊತ್ತಿಗೆ ಮಗು "ಇದು ಮುಗಿದರೆ ಸಾಕು" ಎಂದುಕೊಂಡು ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತದೆ. ಹಾಗಾದಾಗ ಮರುದಿನ ಬೆಳಿಗ್ಗೆಗೆ ಸಮಯ ಕೋರುವುದೇ ಮೇಲು.

ತನಿಖೆಯ ತಿಂಗಳುಗಳು

ಪೋಕ್ಸೊ ಕಾಯ್ದೆಯ ಗಂಭೀರ ಅಪರಾಧಗಳಲ್ಲಿ ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ಈ ಅವಧಿಯಲ್ಲಿ ನೀವು ಮಾಡಬೇಕಾದ ದೊಡ್ಡ ಕೆಲಸ ವಯಸ್ಸಿನ ದಾಖಲೆ. ಶಾಲೆಯ ವರ್ಗಾವಣೆ ಪತ್ರ ಸಾಕೆಂದು ನಂಬಿ ಕುಳಿತು ಕೊನೆಗೆ ಸೋತ ಪ್ರಕರಣಗಳಿವೆ. ಬಾಲ ನ್ಯಾಯ ಕಾಯ್ದೆಯ 94ನೇ ಕಲಮು ಕೇಳುವುದು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರವನ್ನು. ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ವರ್ಗಾವಣೆ ಪತ್ರ ಈ ಪಟ್ಟಿಯಲ್ಲಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿದೆ. ಹದಿನಾರು ಹದಿನೇಳರ ಹುಡುಗಿಯರ ಪ್ರಕರಣಗಳಲ್ಲಿ ಎಲ್ಲವೂ ಇದರ ಮೇಲೇ ನಿಲ್ಲುತ್ತದೆ.

ಜಾಮೀನು ಅರ್ಜಿ ಬಂದರೆ ನಿಮಗೆ ಮಾಹಿತಿ ಸಿಗಬೇಕು. ಪಕ್ಕದ ಮನೆಯವನೇ ಆರೋಪಿಯಾದರೆ, ಮಗು ಶಾಲೆಗೆ ಹೋಗುವ ದಾರಿ, ಈವರೆಗೆ ಬಂದ ಬೆದರಿಕೆ, ಯಾರ ಮೂಲಕ ಯಾವ ತಾರೀಖಿಗೆ ಬಂತು ಎಂಬುದನ್ನು ಬರೆದು ಸರ್ಕಾರಿ ಅಭಿಯೋಜಕರಿಗೆ (ಪಬ್ಲಿಕ್ ಪ್ರಾಸಿಕ್ಯೂಟರ್) ಕೊಡಿ. "ಊರಿಗೆ ಕಾಲಿಡಬಾರದು" ಎಂಬಂಥ ಷರತ್ತು ಬರುವುದು ಇಂಥ ವಿವರದಿಂದ, ಬರೀ "ಭಯವಿದೆ" ಎಂಬ ಮಾತಿನಿಂದ ಅಲ್ಲ. ಷರತ್ತು ಮುರಿದರೆ ಜಾಮೀನು ರದ್ದತಿಗೆ ಅರ್ಜಿ ಹಾಕಬಹುದು.

ಊರಿನ ಹಿರಿಯರು ರಾಜಿಗೆ ಬರುತ್ತಾರೆ. ಹಣದ ಮಾತು, ಮದುವೆಯ ಮಾತು, "ಹುಡುಗಿಯ ಭವಿಷ್ಯ" ಎಂಬ ಮಾತು. ಪೋಕ್ಸೊ ಪ್ರಕರಣ ಠಾಣೆಯಲ್ಲಾಗಲಿ ಪಂಚಾಯಿತಿ ಕಟ್ಟೆಯಲ್ಲಾಗಲಿ ರಾಜಿಯಾಗುವಂಥದ್ದಲ್ಲ. ರಾಜಿಯಾಯಿತೆಂದು ಸುಮ್ಮನಾದರೂ ಸಮನ್ಸ್ ಬಂದೇ ಬರುತ್ತದೆ. ಆಗ ಮಗು ನ್ಯಾಯಾಲಯದಲ್ಲಿ ಹಿಂದಿನ ಹೇಳಿಕೆಗೆ ವಿರುದ್ಧವಾಗಿ ಮಾತಾಡಬೇಕಾದ ಸಂಕಟಕ್ಕೆ ಸಿಕ್ಕಿಬೀಳುತ್ತದೆ. ಆ ಹೊರೆಯನ್ನು ಮಗುವಿನ ತಲೆಗೆ ಕಟ್ಟಬೇಡಿ.

ಗುರುತಿನ ವಿಷಯದಲ್ಲಿ ಬಿಗಿಯಾಗಿರಿ. ಹೆಸರು, ಫೋಟೊ, ಶಾಲೆ, ಬೀದಿ, ಅಪ್ಪನ ಹೆಸರು, ಮಗುವನ್ನು ಪತ್ತೆಹಚ್ಚಲು ಆಗುವ ಏನೂ ಮಾಧ್ಯಮದಲ್ಲಿ ಬರುವಂತಿಲ್ಲ. ಪೋಕ್ಸೊ ಎಫ್‌ಐಆರ್ ಅಂತರ್ಜಾಲಕ್ಕೆ ಹಾಕುವಂತಿಲ್ಲ. ಬೀದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ನ್ಯಾಯ ಕೇಳಿ ಹಂಚುವ ಫೋಟೊವೂ ಮಗುವಿಗೆ ಅಷ್ಟೇ ಹಾನಿ ಮಾಡುತ್ತದೆ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೆ ಮತ್ತು ಅಗತ್ಯವಿದ್ದರೆ ಒಬ್ಬ ಶಿಕ್ಷಕಿಗೆ ಮಾತ್ರ ಗೊತ್ತಿರಲಿ, ರಜೆಚೀಟಿಯಲ್ಲಿ ಕಾರಣ ಬರೆಯಬೇಕಾಗಿಲ್ಲ. ಮಗುವನ್ನು ಶಾಲೆ ಬಿಡಿಸಬೇಡಿ.

ಆಪ್ತಸಮಾಲೋಚನೆಯನ್ನು "ಕೇಸು ಮುಗಿಯಲಿ" ಎಂದು ಮುಂದೂಡಬೇಡಿ. ಹಾಸಿಗೆ ಒದ್ದೆ ಮಾಡುವುದು, ಬೆಚ್ಚಿ ಏಳುವುದು, ಊಟ ಬಿಡುವುದು, ತನ್ನನ್ನೇ ಗಾಯ ಮಾಡಿಕೊಳ್ಳುವುದು ಕಂಡರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೋ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗವನ್ನೋ ಕಾಣಿ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಲು ಟೆಲಿ ಮಾನಸ್ 14416 ಇದೆ.

ಆರೋಪಿಯೂ 18 ತುಂಬದವನಾದರೆ ಅವನ ಪ್ರಕರಣ ಮೊದಲು ಹೋಗುವುದು ಬಾಲ ನ್ಯಾಯ ಮಂಡಳಿಗೆ. ಅವನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಬೇಡಿ ಹಾಕುವಂತಿಲ್ಲ, 24 ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು, ಅವನ ಹೆಸರೂ ಹೊರಬರಬಾರದು. ಅವನೂ ಮಗುವೇ. ನಿಮ್ಮ ಮಗುವಿನ ರಕ್ಷಣೆ ಇದರಿಂದ ಕಡಿಮೆಯಾಗುವುದಿಲ್ಲ.

ಸಾಕ್ಷಿ ಹೇಳುವ ದಿನಕ್ಕೆ ಸಿದ್ಧತೆ

ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ತೆಗೆದುಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ, ಒಂದು ವರ್ಷದೊಳಗೆ ಇಡೀ ವಿಚಾರಣೆ ಎಂದು ಪೋಕ್ಸೊ ಕಾಯ್ದೆಯ 35ನೇ ಕಲಮು ಹೇಳುತ್ತದೆ. ಎಷ್ಟೋ ಕಡೆ ಸಾಕ್ಷ್ಯವೇ ತಿಂಗಳುಗಟ್ಟಲೆ ತಡವಾಗುತ್ತದೆ. ಅಷ್ಟರಲ್ಲಿ ಪುಟ್ಟ ಮಗುವಿಗೆ ವಿವರ ಮರೆಯುತ್ತದೆ, ದೊಡ್ಡ ಮಗು ಮರೆಯಲು ಹೆಣಗುತ್ತಿರುತ್ತದೆ. ಆದ್ದರಿಂದ ಚಾರ್ಜ್‌ಶೀಟ್ ಸಲ್ಲಿಕೆಯಾದ ಕೂಡಲೇ ನಿಮ್ಮದೇ ವಕೀಲರೊಬ್ಬರು ಇರುವಂತೆ ನೋಡಿಕೊಳ್ಳಿ. 40ನೇ ಕಲಮಿನಡಿ ಅದು ಮಗುವಿನ ಹಕ್ಕು. ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಕೊಡಬೇಕು, ಸಹಾಯವಾಣಿ 15100. ವಕೀಲರಿದ್ದರೆ ಚಾರ್ಜ್‌ಶೀಟ್ ಪ್ರತಿಯೂ ಉಚಿತವಾಗಿ ಸಿಗುತ್ತದೆ.

ವಕೀಲರು ಸಾಕ್ಷ್ಯಕ್ಕೆ ಮೊದಲೇ ನ್ಯಾಯಾಲಯಕ್ಕೆ ಒಂದು ಮೆಮೊ (ಲಿಖಿತ ಮನವಿ) ಹಾಕಲಿ. ಅದರಲ್ಲಿ ಇವಿಷ್ಟು ಇರಬೇಕು: ಬಾಗಿಲು ಮುಚ್ಚಿದ ಕೊಠಡಿಯಲ್ಲಿ ವಿಚಾರಣೆ, ಆರೋಪಿ ಮಗುವಿಗೆ ಕಾಣದಂತೆ ಪರದೆ ಅಥವಾ ವಿಡಿಯೊ ಸಂಪರ್ಕ, ದುರ್ಬಲ ಸಾಕ್ಷಿಗಳ ಕೇಂದ್ರ (ಮಕ್ಕಳಂಥವರು ಹೆದರಿಕೆಯಿಲ್ಲದೆ ಸಾಕ್ಷಿ ಹೇಳಲು ಮಾಡಿದ ಕೊಠಡಿ) ಇದ್ದರೆ ಅಲ್ಲಿಂದಲೇ, ಆರೋಪಿಯ ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಮಗುವಿಗೆ ಬರಬೇಕು, ನಡುನಡುವೆ ಬಿಡುವು, ಬೆಂಬಲ ವ್ಯಕ್ತಿ ಪಕ್ಕದಲ್ಲಿರಲು ಅನುಮತಿ, ಅದೇ ದಿನ ಸಾಕ್ಷ್ಯ ಪೂರ್ತಿ ಮುಗಿಸುವುದು. ಇವೆಲ್ಲ ಹೊಸ ಬೇಡಿಕೆಯಲ್ಲ, ಬಹುಪಾಲು 33, 36 ಮತ್ತು 37ನೇ ಕಲಮುಗಳಲ್ಲೇ ಇವೆ. ಮೆಮೊ ಇಲ್ಲದ ಕಡೆ ಆಗುವುದೇನೆಂದರೆ, ಮುಖ್ಯ ವಿಚಾರಣೆ ಒಂದು ದಿನ, ಪಾಟೀಸವಾಲಿಗೆ ಮುಂದಿನ ತಿಂಗಳ ವಾಯಿದೆ, ಅದರ ನಡುವಿನ ಅಷ್ಟೂ ದಿನ ಮಗುವಿನ ಮನೆಗೆ ಒತ್ತಡ.

ತಾರೀಖಿಗೆ ಕೆಲವು ದಿನ ಮೊದಲು, ಖಾಲಿ ಇರುವಾಗ ಮಗುವಿಗೆ ಆ ಕೊಠಡಿ ತೋರಿಸಿ. ನ್ಯಾಯಾಧೀಶರು ಎಲ್ಲಿ ಕೂರುತ್ತಾರೆ, ತಾನೆಲ್ಲಿ ಕೂರುವುದು, ಶೌಚಾಲಯ ಎಲ್ಲಿದೆ, ಅಷ್ಟು ಸಾಕು. ಅಭಿಯೋಜಕರನ್ನು ಭೇಟಿ ಮಾಡಿಸಿ, ಮುಖ ಪರಿಚಯವಾಗಲಿ. ಮಗುವಿಗೆ ಮೂರು ಉತ್ತರಗಳು ಸರಿ ಎಂದು ಗೊತ್ತಿರಬೇಕು: "ಗೊತ್ತಿಲ್ಲ", "ನೆನಪಿಲ್ಲ", "ಪ್ರಶ್ನೆ ಅರ್ಥ ಆಗಲಿಲ್ಲ". ಹೌದು ಅಥವಾ ಇಲ್ಲ ಎಂದೇ ಹೇಳಬೇಕೆಂಬ ಒತ್ತಾಯಕ್ಕೆ ಮಕ್ಕಳು ಬೇಗ ಮಣಿಯುತ್ತಾರೆ. "ನೀನು ಅಲ್ಲಿಗೆ ಹೋಗಿರಲಿಲ್ಲ ಅಲ್ಲವೇ?" ಎಂಬ ಪ್ರಶ್ನೆಗೆ ಮಗು "ಹೌದು" ಎಂದರೆ ಅದರ ಅರ್ಥ ಎರಡೂ ಕಡೆ ವಾಲುತ್ತದೆ. ಅಂಥ ಪ್ರಶ್ನೆಯನ್ನು ಬಿಡಿಸಿ ಕೇಳುವಂತೆ ಅಭಿಯೋಜಕರು ಆಗಲೇ ಎದ್ದು ಕೋರಬೇಕು.

ಆ ದಿನ ಬೇರೆ ಗೇಟಿನಿಂದ, ಸಾಧ್ಯವಾದರೆ ನಿಗದಿತ ಸಮಯಕ್ಕೆ ಬನ್ನಿ. ಪರದೆಯ ಏರ್ಪಾಡೆಲ್ಲ ಇದ್ದೂ ಹೊರಗಿನ ಬೆಂಚಿನಲ್ಲಿ ಆರೋಪಿಯ ಮನೆಯವರ ಎದುರೇ ಎರಡು ಗಂಟೆ ಕೂತರೆ ಮಗು ಒಳಗೆ ಬಾಯಿ ಬಿಡುವುದಿಲ್ಲ. ನೀರು, ತಿಂಡಿ, ಬಣ್ಣದ ಪುಸ್ತಕ ಇರಲಿ. ಮೊದಲಿಗೆ ನ್ಯಾಯಾಧೀಶರು ಹೆಸರು, ಶಾಲೆ, ಸುಳ್ಳು ನಿಜದ ವ್ಯತ್ಯಾಸ ಕೇಳಿ ಮಗುವಿಗೆ ತಿಳಿವಳಿಕೆ ಇದೆಯೇ ನೋಡುತ್ತಾರೆ. 12 ವರ್ಷದೊಳಗಿನ ಮಗುವಿಗೆ ಪ್ರಮಾಣವಚನದ ಅರ್ಥ ತಿಳಿಯದಿದ್ದರೆ ಅದನ್ನು ಮಾಡಿಸುವುದಿಲ್ಲ, ಸಾಕ್ಷ್ಯ ಮಾತ್ರ ನಡೆಯುತ್ತದೆ. ಮಗುವಿನ ನಡತೆಯ ಬಗ್ಗೆ ಕೆದಕುವ ಪ್ರಶ್ನೆಗೆ ಅವಕಾಶವಿಲ್ಲ. ಮಗು ಅತ್ತರೆ ಬಿಡುವು ಕೇಳಿ. ಬಿಡುವಿನಲ್ಲಿ ಸಾಕ್ಷ್ಯದ ಬಗ್ಗೆ ಒಂದು ಮಾತೂ ಆಡಬೇಡಿ. ತಾಯಿಯೂ ಸಾಕ್ಷಿಯಾಗಿದ್ದರೆ ಮಗುವಿನ ಪಕ್ಕ ಕೂರುವುದಕ್ಕೆ ಆಕ್ಷೇಪ ಬರಬಹುದು, ಅದಕ್ಕೇ ಬೆಂಬಲ ವ್ಯಕ್ತಿ ಇನ್ನಷ್ಟು ಮುಖ್ಯ. ಹೊರಡುವ ಮೊದಲು ಸಾಕ್ಷಿ ಭತ್ಯೆ ಕೇಳಿ ಪಡೆಯಿರಿ.

ಪರಿಹಾರ ಮತ್ತು ತೀರ್ಪಿನ ನಂತರ

ಪರಿಹಾರಕ್ಕೆ ತೀರ್ಪಿನವರೆಗೆ ಕಾಯಬೇಕಾಗಿಲ್ಲ. ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರಕ್ಕೆ ಆದೇಶಿಸಬಹುದು. ಆದೇಶ ತಲುಪಿದ 30 ದಿನದೊಳಗೆ ಸರ್ಕಾರ ಕೊಡಬೇಕು. ಆರೋಪಿ ಖುಲಾಸೆಯಾದರೂ, ಸಿಗದೇ ಹೋದರೂ ಪರಿಹಾರ ಸಿಗಲು ಅವಕಾಶವಿದೆ. ಮೊತ್ತ ನಿರ್ಧರಿಸುವಾಗ ಚಿಕಿತ್ಸೆಯ ಖರ್ಚು, ತಪ್ಪಿದ ಶಾಲೆ, ಪೋಷಕರ ನಷ್ಟ, ಗರ್ಭ, ಸೋಂಕು, ಅಂಗವೈಕಲ್ಯ ಎಲ್ಲವನ್ನೂ ನೋಡುತ್ತಾರೆ. ಹಾಗಾಗಿ ಔಷಧದ ಬಿಲ್ಲು, ಬಸ್ ಟಿಕೆಟ್, ಶಾಲೆಯ ಹಾಜರಾತಿ ವಿವರ ಮೊದಲ ದಿನದಿಂದಲೇ ಒಂದು ಫೈಲಿನಲ್ಲಿ ಸೇರಿಸುತ್ತ ಬನ್ನಿ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆ ಅತ್ಯಾಚಾರಕ್ಕೆ 4 ಲಕ್ಷದಿಂದ 7 ಲಕ್ಷ ರೂಪಾಯಿ ಎಂದು ಸೂಚಿಸಿ, ಅಪ್ರಾಪ್ತರಿಗೆ ಅದಕ್ಕಿಂತ ಶೇ 50 ಹೆಚ್ಚು ಎಂದಿದೆ. ಅರ್ಜಿಯಲ್ಲಿ ಇದನ್ನು ಉಲ್ಲೇಖಿಸಿ. ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲಿರಲಿ. ಖಾತೆಯಿಲ್ಲದ ಕಾರಣಕ್ಕೇ ಮಂಜೂರಾದ ಹಣ ತಿಂಗಳುಗಟ್ಟಲೆ ನಿಲ್ಲುತ್ತದೆ.

ತೀರ್ಪಿನ ದಿನ ಮಗು ನ್ಯಾಯಾಲಯದಲ್ಲಿ ಇರಬೇಕಾಗಿಲ್ಲ. ಶಿಕ್ಷೆಯಾದರೆ ಆರೋಪಿ ಮೇಲ್ಮನವಿ ಹೋಗಬಹುದು, ಶಿಕ್ಷೆ ಅಮಾನತಿಗೆ ಅರ್ಜಿ ಹಾಕಬಹುದು ಎಂದು ಮನೆಯವರಿಗೆ ಮೊದಲೇ ತಿಳಿದಿರಲಿ. ಖುಲಾಸೆಯಾದರೆ "ನೀನು ಹೇಳಿದ್ದನ್ನು ನಾವು ನಂಬುತ್ತೇವೆ" ಎಂದು ಆ ದಿನವೇ ಮಗುವಿಗೆ ಹೇಳಿ. ಸಾಕ್ಷ್ಯ ಸಾಲದು ಎಂಬುದಕ್ಕೂ ಮಗು ಸುಳ್ಳು ಹೇಳಿತು ಎಂಬುದಕ್ಕೂ ಇರುವ ವ್ಯತ್ಯಾಸ ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಖುಲಾಸೆಯ ವಿರುದ್ಧ, ಅಥವಾ ಸಣ್ಣ ಅಪರಾಧಕ್ಕಷ್ಟೇ ಶಿಕ್ಷೆ ಕೊಟ್ಟಿದ್ದರ ವಿರುದ್ಧ, ಸಂತ್ರಸ್ತ ಮಗುವಿನ ಕಡೆಯವರೇ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ಉತ್ತರ ಕರ್ನಾಟಕದವರಿಗೆ ಧಾರವಾಡ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ. ತೀರ್ಪಿನ ದೃಢೀಕೃತ ಪ್ರತಿಗೆ ಅದೇ ವಾರ ಅರ್ಜಿ ಹಾಕಿ, ಕೈಗೆ ಬಂದ ಕೂಡಲೇ ಫೈಲಿನ ಜೊತೆ ವಕೀಲರಿಗೋ ಹೈಕೋರ್ಟಿನ ಕಾನೂನು ಸೇವಾ ಸಮಿತಿಗೋ ಒಪ್ಪಿಸಿ.